‘ಇರು’ ಒಂದೇ ಸಾಕೆಂದ ಭಾಷೆ, ಎರಡು ಬೇಕೆಂದ ಭಾಷೆ

ಧಾರವಾಡ-ಹುಬ್ಬಳ್ಳಿಯ ನೆಲಕ್ಕೆ ಜರ್ಮನ್ ಭಾಷೆಯ ಸಂಬಂಧ ಹೊಸತಲ್ಲ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಬಾಸೆಲ್ ಮಿಶನ್ನಿನ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಅವರ ಕೇಂದ್ರಗಳು ನೆಲೆಯೂರಿದವು. ನಮ್ಮ ಶಿರಗುಪ್ಪಿಯ ಹಿರಿಯರು ಹತ್ತಿ ಮಾರಲು ಹುಬ್ಬಳ್ಳಿ ಪೇಟೆಗೆ ಚಕ್ಕಡಿ ಹೂಡಿಕೊಂಡು ಹೋಗುತ್ತಿದ್ದ ಕಾಲದಲ್ಲಿ, ಅದೇ ಪೇಟೆಯ ಬೀದಿಗಳಲ್ಲಿ ಜರ್ಮನ್ ಮಾತೃಭಾಷೆಯವರು ನಿಂತು ಕನ್ನಡದಲ್ಲಿ ಮಾತನಾಡುತ್ತಿದ್ದರು. ಅವರು ಬಂದ ಉದ್ದೇಶ ಧರ್ಮಪ್ರಚಾರ. ಅವರು ಬಿಟ್ಟುಹೋದ ನಿಘಂಟು, ವ್ಯಾಕರಣ, ಮುದ್ರಿತ ಗ್ರಂಥಗಳು ಮಾತ್ರ ನಮ್ಮೆಲ್ಲರ ಸ್ವತ್ತಾದವು.

ಹರ್ಮನ್ ಮೊಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನೆಂಬುದನ್ನೂ, ಫರ್ಡಿನಾಂಡ್ ಕಿಟ್ಟೆಲ್ 1894ರಲ್ಲಿ ಸುಮಾರು ಎಪ್ಪತ್ತು ಸಾವಿರ ಶಬ್ದಗಳ ನಿಘಂಟನ್ನು ಕೊಟ್ಟನೆಂಬುದನ್ನೂ ನೀವು ಶಾಲೆಯಲ್ಲಿಯೇ ಓದಿದ್ದೀರಿ. ಅದನ್ನು ಮತ್ತೆ ಬರೆಯಲಾರೆ. ನನ್ನ ಕುತೂಹಲ ಒಂದು ಸಣ್ಣ ಸಂಗತಿಯ ಮೇಲಿದೆ. ಈ ಜನರು ‘ಬಂದಿದ್ದೇನೆ’, ‘ಉಂಡಿದ್ದೇನೆ’ ಎಂಬ ನಮ್ಮ ಎರಡು ಸಾಮಾನ್ಯ ಮಾತುಗಳ ಎದುರು ನಿಂತಾಗ, ಅವರ ತಾಯ್ನುಡಿಯ ವ್ಯಾಕರಣ ಎಲ್ಲಿ ಹೊಂದಿತು, ಎಲ್ಲಿ ತಪ್ಪಿತು?

ಜರ್ಮನ್ನಿನಲ್ಲಿ ನಡೆದುಹೋದ ಕೆಲಸವನ್ನು ಹೇಳಲು ಕೃದಂತದ ಜೊತೆಗೆ ಒಂದು ಸಹಾಯಕ ಕ್ರಿಯಾಪದ ಬೇಕು. ಅಲ್ಲಿ ಸಹಾಯಕರು ಇಬ್ಬರು. ಒಂದು ‘ಹಾಬೆನ್’, ಅಂದರೆ ‘ಹೊಂದಿರು’. ಇನ್ನೊಂದು ‘ಜ಼ೈನ್’, ಅಂದರೆ ‘ಇರು’. (ಇದನ್ನು ನಮ್ಮ ಜೈನರೆಂದು ಓದಬೇಡಿ, ಜಕಾರವನ್ನು ಉರ್ದುವಿನ ಜ಼ಮೀನಿನಂತೆ ಉಚ್ಚರಿಸಿರಿ.) ‘ನಾನು ಬಂದಿದ್ದೇನೆ’ ಎನ್ನಲು ‘ಇಷ್ ಬಿನ್ ಗೆಕೊಮ್ಮೆನ್’, ಇಲ್ಲಿ ಇರುವುದು ‘ಇರು’. ‘ನಾನು ಉಂಡಿದ್ದೇನೆ’ ಎನ್ನಲು ‘ಇಷ್ ಹಾಬೆ ಗೆಗೆಸ್ಸೆನ್’, ಇಲ್ಲಿ ‘ಹೊಂದಿರು’. ಕರ್ಮಪದವುಳ್ಳ ಕ್ರಿಯೆಗಳಿಗೆಲ್ಲ ಸಾಮಾನ್ಯವಾಗಿ ಹಾಬೆನ್. ಸ್ಥಳದಿಂದ ಸ್ಥಳಕ್ಕೆ ಚಲಿಸುವ, ಇಲ್ಲವೆ ಒಂದು ಸ್ಥಿತಿಯಿಂದ ಮತ್ತೊಂದು ಸ್ಥಿತಿಗೆ ಮಾರ್ಪಡುವ ಅಕರ್ಮಕ ಕ್ರಿಯೆಗಳಿಗೆ ಜ಼ೈನ್: ಹೋಗು, ಬೀಳು, ಬೆಳೆ, ಸಾಯು. ಅಳು, ನಗು, ದುಡಿ ಎಂಬಂಥವು ಅಕರ್ಮಕವಾದರೂ ಅವುಗಳಲ್ಲಿ ಮಾರ್ಪಾಡಿಲ್ಲ, ಆದ್ದರಿಂದ ಹಾಬೆನ್. ‘ಇರು’, ‘ಉಳಿ’ ಎಂಬ ಎರಡು ಚಲನೆಯೂ ಇಲ್ಲದೆ ಮಾರ್ಪಾಡೂ ಇಲ್ಲದೆ ಜ಼ೈನ್ ಪಂಕ್ತಿಯಲ್ಲಿಯೇ ಕುಳಿತಿವೆ. ಅವನ್ನು ಬಾಯಿಪಾಠ ಮಾಡಲೇಬೇಕು.

ಈ ಎರಡು ದಾರಿ ಹೇಗೆ ಹುಟ್ಟಿತು? ಸಾವಿರದ ಇನ್ನೂರು ವರ್ಷಗಳಷ್ಟು ಹಿಂದಿನ ಹಳೆಯ ಜರ್ಮನ್ ಬರಹಗಳಲ್ಲಿ ಇದರ ಮೊಳಕೆ ಕಾಣುತ್ತದೆ. ‘ನನ್ನ ಬಳಿ ಬರೆದ ಪತ್ರವಿದೆ’ ಎಂಬ ಮಾತು ಮೊದಲು ನಿಜವಾದ ಒಡೆತನವನ್ನೇ ಹೇಳುತ್ತಿತ್ತು. ಬರಬರುತ್ತ ಒಡೆತನದ ಅರ್ಥ ಸವೆದು ‘ನಾನು ಪತ್ರ ಬರೆದಿದ್ದೇನೆ’ ಎಂದಾಯಿತು. ಆದರೆ ಬಂದವನ ಬಳಿ ಹೊಂದಲು ಏನಿದೆ? ಅವನು ಬಂದವನಾಗಿ ‘ಇದ್ದಾನೆ’ ಅಷ್ಟೆ. ಹೀಗೆ ವಸ್ತುವುಳ್ಳ ಕ್ರಿಯೆಗೆ ಒಡೆತನದ ಪದವೂ, ಕರ್ತೃವೇ ಮಾರ್ಪಡುವ ಕ್ರಿಯೆಗೆ ಇರವಿನ ಪದವೂ ನಿಂತವು. ಫ್ರೆಂಚ್, ಇಟಾಲಿಯನ್, ಡಚ್ ಭಾಷೆಗಳಲ್ಲಿಯೂ ಇದೇ ಇಬ್ಬಂದಿ ಇದೆ. ಇಂಗ್ಲಿಷಿನಲ್ಲಿಯೂ ಇತ್ತು. ಹಳೆಯ ಇಂಗ್ಲಿಷ್ ಬೈಬಲ್ ಓದಿದವರು ‘ಐ ಆ್ಯಮ್ ಕಮ್’ ಎಂಬ ಪ್ರಯೋಗವನ್ನು ಕಂಡಿರಬಹುದು. ಕ್ರಮೇಣ ‘ಹ್ಯಾವ್’ ಎಲ್ಲವನ್ನೂ ನುಂಗಿತು, ‘ಹೀ ಈಜ್ ಗಾನ್’ ಎಂಬಂಥ ಚೂರುಪಾರು ಮಾತ್ರ ಉಳಿದವು.

ಕನ್ನಡ ನಡೆದದ್ದು ಬೇರೆ ದಾರಿ. ನಮ್ಮಲ್ಲಿ ‘ಹ್ಯಾವ್’ ಎಂಬುದಕ್ಕೆ ಸರಿಹೊಂದುವ ಆಡುಮಾತಿನ ಕ್ರಿಯಾಪದವೇ ಇಲ್ಲ. ನನಗೆ ಇಬ್ಬರು ಮಕ್ಕಳಿದ್ದಾರೆ, ನನ್ನ ಹತ್ತಿರ ರೊಕ್ಕ ಇದೆ, ಹೊಲ ಇದೆ, ಸಾಲವೂ ಇದೆ, ಎಲ್ಲವೂ ‘ಇರು’. ‘ಹೊಂದಿರು’ ಎಂಬುದೂ ಹೊಂದಿ-ಇರು ಎಂದು ಕಡೆಗೆ ಇರುವಿನ ಕಾಲಿಗೇ ಬೀಳುತ್ತದೆ. ಹಾಗಾಗಿ ಬಂದು+ಇದ್ದೇನೆ, ಉಂಡು+ಇದ್ದೇನೆ ಎರಡಕ್ಕೂ ಸಹಾಯಕ ಒಂದೇ. ನಮ್ಮ ಕಡೆಯ ಆಡುಮಾತಿನಲ್ಲಿ ‘ಬಂದಾನ, ಹೋಗ್ಯಾನ, ಮಾಡ್ಯಾನ’ ಎನ್ನುವಾಗ ಕೊನೆಯಲ್ಲಿ ಕೇಳುವ ‘ಆನ’ವೂ ‘ಮನ್ಯಾಗ ಅದಾನ’ ಎನ್ನುವಾಗಿನ ಇರವಿನ ಪದವೇ. ಜರ್ಮನ್ನನೊಬ್ಬನಿಗೆ ‘ಬಂದಾನ’ ತನ್ನ ಮನೆಯ ಮಾತಿನಂತೆಯೂ ‘ಮಾಡ್ಯಾನ’ ವಿಚಿತ್ರವಾಗಿಯೂ ತೋರಿರಬೇಕು. 1903ರಲ್ಲಿ ಪ್ರಕಟವಾದ ಕಿಟ್ಟೆಲರ ವ್ಯಾಕರಣವು ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಕನ್ನಡದ ನಡೆಯಲ್ಲಿಯೇ ವಿವರಿಸುತ್ತದೆ. ಅದಕ್ಕೂ ಮುನ್ನ, 1872ರಲ್ಲಿ, ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದವರು ಅವರು. ನಮ್ಮ ವೈಯಾಕರಣನ ಪಾದದಲ್ಲಿ ಕುಳಿತು ಕಲಿತದ್ದರಿಂದಲೇ ಆ ಪುಸ್ತಕ ಇಂದಿಗೂ ಬೇಕೆನಿಸುತ್ತದೆ ಎಂದು ನನ್ನ ಎಣಿಕೆ.

ಇದನ್ನು ಈಗ ಬರೆಯಲು ಕಾರಣ ನನ್ನ ಸೋದರ ಸೊಸೆಯ ಮಗಳು. ಆಕೆ ಹುಬ್ಬಳ್ಳಿಯಲ್ಲಿ ನರ್ಸ್. ಜರ್ಮನಿಗೆ ಹೋಗಬೇಕೆಂದು ಬಿ2 ಪರೀಕ್ಷೆಗೆ ಕುಳಿತು ಒಮ್ಮೆ ನಪಾಸಾಗಿದ್ದಾಳೆ. ಮನೆಯವರು ಫೀಸಿಗಾಗಿ ಸಾಲ ಮಾಡಿದ್ದಾರೆ. “ಅಜ್ಜಾ, ಕನ್ನಡ ಮೀಡಿಯಂನ್ಯಾಗ ಕಲತಾವ್ರಿಗೆ ಇದು ತಲಿಗೆ ಹತ್ತೂದಿಲ್ಲ ಅಂತ ಕ್ಲಾಸಿನ್ಯಾಗ ಅಂತಾರ” ಎಂದಳು. ಧಾರವಾಡದಲ್ಲಿ ಬಿ.ಎಡ್. ಮಾಡುತ್ತಿದ್ದಾಗ ಸಂಜೆಯ ಹೊತ್ತು ಒಂದು ವರ್ಷ ಜರ್ಮನ್ ಕಲಿತವನಾದ್ದರಿಂದ ಈ ಮಾತು ನನ್ನನ್ನು ಕೆರಳಿಸಿತು. ಇಂಗ್ಲಿಷಿನ ‘ಐ ಹ್ಯಾವ್ ಕಮ್’ ನೆಚ್ಚಿದವನು ‘ಇಷ್ ಹಾಬೆ ಗೆಕೊಮ್ಮೆನ್’ ಎಂದು ತಪ್ಪುತ್ತಾನೆ. ಕನ್ನಡ ನೆಚ್ಚಿದವಳು ಅಲ್ಲಿ ಸರಿಯಾಗಿಯೇ ಹೇಳುತ್ತಾಳೆ. ಉಣ್ಣುವಲ್ಲಿ ತಪ್ಪುತ್ತಾಳೆ, ನಿಜ. ‘ಇಷ್ ಬಿನ್ ಗೆಗೆಸ್ಸೆನ್’ ಎಂದರೆ ಆಕೆಯನ್ನೇ ಯಾರೋ ತಿಂದುಬಿಟ್ಟಂತೆ ಕೇಳುತ್ತದೆ!

ಆದರೆ ಕನ್ನಡದಲ್ಲಿ ಇನ್ನೊಂದು ಬೀಗದ ಕೈ ಇದೆ. ‘ಗಡಿಗೆ ಒಡೆದುಹೋಯಿತು’, ‘ಹುಡುಗ ಗಡಿಗೆ ಒಡೆದುಹಾಕಿದ’. ತಾನಾಗಿ ಮಾರ್ಪಟ್ಟದ್ದಕ್ಕೆ ‘ಹೋಗು’, ಮತ್ತೊಂದರ ಮೇಲೆ ಮಾಡಿದ್ದಕ್ಕೆ ‘ಹಾಕು’. ಜರ್ಮನ್ನಿನಲ್ಲಿ ಒಡೆಯುವ ಕ್ರಿಯೆ ಒಂದೇ, ಗಡಿಗೆ ಒಡೆದರೆ ಜ಼ೈನ್, ಹುಡುಗ ಒಡೆದರೆ ಹಾಬೆನ್. ಬಾಡಿಹೋಯಿತು, ಕರಗಿಹೋಯಿತು, ಸತ್ತುಹೋದ, ಎಲ್ಲ ಜ಼ೈನ್. ‘ಅತ್ತುಹೋದ’, ‘ನಕ್ಕುಹೋದ’ ಎಂದು ಯಾರೂ ಅನ್ನುವುದಿಲ್ಲ, ಅವು ಹಾಬೆನ್. ಇನ್ನೂ ಸೊಗಸಾದುದು ನಿದ್ದೆಯದು. ‘ನಿದ್ದೆ ಮಾಡಿದ’ ಎಂಬುದಕ್ಕೆ ಹಾಬೆನ್, ‘ನಿದ್ದೆಹೋದ’ ಎಂಬುದಕ್ಕೆ ಜ಼ೈನ್. ಈ ಕೀಲಿ ಎಲ್ಲ ಬೀಗಕ್ಕೂ ಹತ್ತದು. ನಮಗೆ ‘ಮರೆತುಹೋಗುತ್ತದೆ’, ಜರ್ಮನ್ನರು ಮಾತ್ರ ಮರೆವನ್ನು ಸಕರ್ಮಕವೆಂದು ಎಣಿಸಿ ಹಾಬೆನ್ ಹಚ್ಚುತ್ತಾರೆ. ಆದರೂ ಅವಳ ಪಟ್ಟಿಯಲ್ಲಿದ್ದ ಹೆಚ್ಚಿನ ಕ್ರಿಯೆಗಳಿಗೆ ಹತ್ತಿತು. ಮುಂದಿನ ತಿಂಗಳು ಮತ್ತೆ ಪರೀಕ್ಷೆ ಇದೆ.

ಅವಳಿಗೆ ಕೆಲಸ ಸಿಗಬಹುದಾದ ಆಸ್ಪತ್ರೆ ಸ್ಟುಟ್‌ಗಾರ್ಟ್ ಕಡೆಯದು. ಅದು ಮೊಗ್ಲಿಂಗನ ಸೀಮೆ. 1811ರಲ್ಲಿ ವ್ಯುರ್ಟೆಂಬರ್ಗಿನ ಬ್ರಾಕನ್‌ಹೈಮಿನಲ್ಲಿ ಹುಟ್ಟಿ, 1881ರಲ್ಲಿ ಸ್ಟುಟ್‌ಗಾರ್ಟಿಗೆ ಹತ್ತಿರದ ಎಸ್‌ಲಿಂಗನ್ನಿನಲ್ಲಿ ತೀರಿಕೊಂಡವನು ಆತ. ಬಾಸೆಲ್ ಮಿಶನ್ನಿನವರಲ್ಲಿ ಬಹಳ ಜನ ಆ ಭಾಗದವರೇ. ಕಿಟ್ಟೆಲ್ ಮಾತ್ರ ಉತ್ತರದ ಸಮುದ್ರತೀರದ ಪೂರ್ವ ಫ್ರೀಸಿಯದವರು. ಕೂಡು, ನಿಲ್ಲು, ಮಲಗಿರು ಎಂಬ ಮೂರು ಕ್ರಿಯೆಗಳಿಗೆ ಉತ್ತರದವರು ಹಾಬೆನ್ ಬಳಸಿದರೆ, ದಕ್ಷಿಣ ಜರ್ಮನಿ, ಆಸ್ಟ್ರಿಯ, ಸ್ವಿಟ್ಜರ್ಲೆಂಡಿನವರು ನಮ್ಮ ‘ಕುಳಿತಿದ್ದೇನೆ’ಯಂತೆ ಜ಼ೈನ್ ಬಳಸುತ್ತಾರೆ. ಪರೀಕ್ಷೆಯಲ್ಲಿ ‘ಇಷ್ ಹಾಬೆ ಗೆಜ಼ೆಸ್ಸೆನ್’ ಎಂದೇ ಬರೆ, ಅಲ್ಲಿ ವಾರ್ಡಿನಲ್ಲಿ ಮುದುಕರು ‘ಇಷ್ ಬಿನ್ ಗೆಜ಼ೆಸ್ಸೆನ್’ ಎಂದರೆ ತಿದ್ದಲು ಹೋಗಬೇಡ ಎಂದು ಅವಳಿಗೆ ಹೇಳಿದ್ದೇನೆ.