ಮಸಲ್ ಕಾರಿನ ಜೀರ್ಣೋದ್ಧಾರ: ಯಾವ ಕೆಲಸ ಮೊದಲು?

ಮಸಲ್ ಕಾರ್ ಎಂದರೇನು?

ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ವಿ-8 ಎಂಜಿನ್ ಕೂರಿಸಿ 1960ರ ದಶಕದ ಅಮೆರಿಕದಲ್ಲಿ ಮಾರಿದ ವೇಗದ ವಾಹನಗಳಿಗೆ ಮಸಲ್ ಕಾರ್ ಎಂಬ ಹೆಸರು ನಿಂತಿತು. 1964ರ ಪಾಂಟಿಯಾಕ್ ಜಿಟಿಒ ಈ ವರ್ಗಕ್ಕೆ ಖಚಿತ ರೂಪ ಕೊಟ್ಟ ಕಾರು. ಅದರ 389 ಘನ ಅಂಗುಲದ (ಸುಮಾರು 6.4 ಲೀಟರ್) ಎಂಜಿನ್ನಿನ ಶಕ್ತಿ 325 ಅಶ್ವಶಕ್ತಿ. ಜೀರ್ಣೋದ್ಧಾರದ ಹಂತಗಳನ್ನು ವಿವರಿಸಲು ಇದೇ ಕಾರು ಉತ್ತಮ ನಿದರ್ಶನ.

ದಾಖಲೆ ಮತ್ತು ಗುರಿ

1964 ಮತ್ತು 1965ರಲ್ಲಿ ಜಿಟಿಒ ಪ್ರತ್ಯೇಕ ಮಾದರಿಯಾಗಿರದೆ, ಹೆಚ್ಚುವರಿ ಹಣ ತೆತ್ತು ಪಡೆಯುವ ಸೌಲಭ್ಯವಾಗಿತ್ತು. ಆದ್ದರಿಂದ ಆ ಎರಡು ವರ್ಷಗಳ ಕಾರಿನ ಗುರುತು ಸಂಖ್ಯೆಯನ್ನಷ್ಟೇ ನೋಡಿ ಅದು ನಿಜವಾದ ಜಿಟಿಒ ಎಂದು ಹೇಳಲಾಗದು. ಕಾರ್ಖಾನೆಯ ಮೂಲ ಬಿಲ್ಲಿನ ಪ್ರತಿಯನ್ನು ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್ ಒದಗಿಸುತ್ತದೆ. ಬಿಡಿಭಾಗಕ್ಕೆ ಹಣ ಹಾಕುವ ಮೊದಲೇ ಇದನ್ನು ತರಿಸಿಕೊಳ್ಳಬೇಕು. ಕಾರನ್ನು ಮೂಲಸ್ಥಿತಿಗೆ ತರುವುದೋ, ನಿತ್ಯ ಓಡಿಸಲು ಸಜ್ಜುಗೊಳಿಸುವುದೋ ಎಂಬುದೂ ಆಗಲೇ ತೀರ್ಮಾನವಾಗಬೇಕು; ಮುಂದಿನ ಖರ್ಚೆಲ್ಲ ಇದನ್ನೇ ಅವಲಂಬಿಸಿದೆ.

ಬಿಚ್ಚುವಿಕೆ

ಪ್ರತಿ ಭಾಗದ ಛಾಯಾಚಿತ್ರ ತೆಗೆದು, ಬೋಲ್ಟುಗಳನ್ನು ಚೀಟಿ ಅಂಟಿಸಿದ ಚೀಲಗಳಲ್ಲಿ ಇಡಬೇಕು.

ಚೌಕಟ್ಟು ಮತ್ತು ಒಡಲು

ಇಡೀ ಕೆಲಸದ ಜೀವಾಳ ಇದು. ಜಿಟಿಒದಲ್ಲಿ ಉಕ್ಕಿನ ಚೌಕಟ್ಟು ಬೇರೆ, ಅದರ ಮೇಲೆ ಕೂರುವ ಒಡಲು ಬೇರೆ. ಹಿಂಗಾಜಿನ ಅಂಚಿನಿಂದ ಇಳಿಯುವ ನೀರು ಡಿಕ್ಕಿಯ ತಳವನ್ನು ತಿನ್ನುತ್ತದೆ. ಕಾಲಡಿಯ ತಗಡು ಮತ್ತು ಹಿಂಚಕ್ರದ ಸುತ್ತಲಿನ ಭಾಗಗಳಿಗೂ ತುಕ್ಕು ಹಿಡಿಯುತ್ತದೆ. ಕೊಳೆತ ತಗಡನ್ನು ಕತ್ತರಿಸುವ ಮುನ್ನ ಒಡಲಿಗೆ ಒಳಗಿನಿಂದ ಆಧಾರ ಕೊಡಬೇಕು. ಇಲ್ಲವಾದರೆ ಒಡಲು ಬಾಗಿ, ಬಾಗಿಲು ಮತ್ತೆ ಸರಿಯಾಗಿ ಮುಚ್ಚದು.

ಹೊಸದಾಗಿ ತಯಾರಾದ ತಗಡುಗಳು ಹಳೆಯವುಗಳ ಅಳತೆಗೆ ಕರಾರುವಾಕ್ಕಾಗಿ ಹೊಂದುವುದು ಅಪರೂಪ. ಬಾಗಿಲು, ಬಾನೆಟ್, ಬಂಪರುಗಳನ್ನು ಬಣ್ಣಕ್ಕೆ ಮುನ್ನವೇ ಒಮ್ಮೆ ಪೂರ್ತಿಯಾಗಿ ಜೋಡಿಸಿ, ಸಂದುಗಳನ್ನು ಸರಿಪಡಿಸಿ, ಮತ್ತೆ ಬಿಚ್ಚಬೇಕು. ಅವಸರದಲ್ಲಿ ಈ ಪರೀಕ್ಷಾ ಜೋಡಣೆಯನ್ನು ಕೈಬಿಡುವವರೇ ಹೆಚ್ಚು. ಹಾಗೆ ಉಳಿಸಿದ ದಿನಗಳಿಗೆ ಬೆಲೆ ತೆರುವುದು ಹೊಸ ಬಣ್ಣ.

ಎಂಜಿನ್

ಒಡಲಿನ ಕೆಲಸ ನಡೆಯುವಾಗಲೇ ಎಂಜಿನ್ ಯಂತ್ರಾಗಾರಕ್ಕೆ ಹೋಗಬೇಕು. ಅಲ್ಲಿ ಸಿಲಿಂಡರುಗಳ ಸವೆತ ಅಳೆದು, ಅಗತ್ಯವಿದ್ದರೆ ಕೊರೆದು, ದೊಡ್ಡ ಪಿಸ್ಟನ್ ಹಾಕುತ್ತಾರೆ. ಅಂದಿನ ಪೆಟ್ರೋಲಿನಲ್ಲಿದ್ದ ಸೀಸ ವಾಲ್ವ್ ಸೀಟುಗಳ ಸವೆತವನ್ನು ತಡೆಯುತ್ತಿತ್ತು. ಇಂದಿನ ಪೆಟ್ರೋಲಿನಲ್ಲಿ ಸೀಸವಿಲ್ಲವಾದ್ದರಿಂದ ಗಟ್ಟಿ ಉಕ್ಕಿನ ಸೀಟುಗಳನ್ನು ಕೂರಿಸುವುದು ಉಚಿತ.

ಬಣ್ಣ ಮತ್ತು ಮರುಜೋಡಣೆ

ಬಣ್ಣ ಒಣಗಿ ಗಟ್ಟಿಯಾದ ಮೇಲೆ ಬ್ರೇಕ್ ಕೊಳವೆಗಳು, ವೈರಿಂಗ್, ನಂತರ ಒಳಾಂಗಣ. ಚಾವಣಿಯ ಒಳಬಟ್ಟೆಯ ಅಂಚು ಗಾಜಿನ ಚೌಕಟ್ಟಿಗೆ ಅಂಟುವುದರಿಂದ ಬಟ್ಟೆ ಮೊದಲು, ಗಾಜು ಆಮೇಲೆ. ಹೊಸ ಕ್ಯಾಮ್‌ಶಾಫ್ಟ್ ಹಾಕಿದ್ದರೆ, ಮೊದಲ ಬಾರಿ ಚಾಲೂ ಮಾಡಿದಾಗ ಎಂಜಿನ್ನನ್ನು ನಿಮಿಷಕ್ಕೆ ಸುಮಾರು 2,000 ಸುತ್ತಿನ ವೇಗದಲ್ಲಿ 20 ನಿಮಿಷ ಓಡಿಸಿ ಹದಗೊಳಿಸುತ್ತಾರೆ. ಬ್ರೇಕುಗಳನ್ನು ಪರೀಕ್ಷಿಸಿ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದ ಬಳಿಕವೇ ಕಾರು ರಸ್ತೆಗಿಳಿಯಬೇಕು.