ಕಾಲಿನ ಗಂಟಿನಲ್ಲಿ ಕ್ಷಯದ ಸುಳಿವು

ಕ್ಷಯವೆಂದರೆ ಕೆಮ್ಮು, ಸಂಜೆಯ ಜ್ವರ, ಕಫದಲ್ಲಿ ರಕ್ತ. ಜನಸಾಮಾನ್ಯರ ತಿಳಿವಳಿಕೆ ಇಲ್ಲಿಗೆ ನಿಲ್ಲುತ್ತದೆ. ಅಪರೂಪಕ್ಕೊಮ್ಮೆ ಈ ರೋಗ ಕೆಮ್ಮೇ ಇಲ್ಲದೆ, ಮೀನಖಂಡದ ಚರ್ಮದಡಿಯ ಕೊಬ್ಬಿನಲ್ಲಿ ಗಂಟಾಗಿ ಸುಳಿವು ಕೊಡುವುದೂ ಉಂಟು.

1861ರಲ್ಲಿ ಫ್ರಾನ್ಸಿನ ಚರ್ಮವೈದ್ಯ ಅರ್ನೆಸ್ಟ್ ಬಾಜಿನ್ ಇದನ್ನು ವಿವರಿಸಿದರು. ಹೆಚ್ಚಾಗಿ ಹೆಂಗಸರ ಕಾಲಿನಲ್ಲಿ ಕೆಂಪು, ನೇರಳೆ ಬಣ್ಣದ ಗಂಟುಗಳು ಏಳುತ್ತವೆ. ಕೆಲವು ಒಡೆದು ಹುಣ್ಣಾಗುತ್ತವೆ. ಮಾಯ್ದು ಕಲೆ ಉಳಿಸಿ ಮತ್ತೆ ಮೂಡುತ್ತವೆ. ಗಂಡಮಾಲೆ ಇದ್ದವರಲ್ಲಿ ಇವನ್ನು ಕಂಡ ಬಾಜಿನ್, ಎರಡಕ್ಕೂ ನಂಟಿದೆ ಎಂದರು. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ತೋರಿಸಿಕೊಟ್ಟರು. ಆದರೆ ಈ ಗಂಟುಗಳಲ್ಲಿ ರೋಗಾಣು ಸಿಗದ ಕಾರಣ ವಾದ ನೂರು ವರ್ಷ ನಡೆಯಿತು. 1990ರ ದಶಕದಲ್ಲಿ ಕೆಲವು ಗಂಟುಗಳಲ್ಲಿ ರೋಗಾಣುವಿನ ಡಿಎನ್‌ಎ ಪತ್ತೆಯಾಯಿತು. ದೇಹದಲ್ಲಿ ಎಲ್ಲೋ ಅಡಗಿದ ಕ್ಷಯಕ್ಕೆ ಕೊಬ್ಬಿನ ಪದರ ತೋರುವ ಅತಿಯಾದ ಪ್ರತಿಕ್ರಿಯೆ ಇದು ಎಂಬುದು ಇಂದಿನ ವಿವರಣೆ. ಕ್ಷಯವಿಲ್ಲದೆಯೂ ಇಂಥ ಗಂಟು ಬರಬಹುದು.

ಮೈಸೂರಿಗೆ ಕ್ಷಯದ ನೋವು ಅರಮನೆಯೊಳಗೇ ತಟ್ಟಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿ ಇದೇ ರೋಗಕ್ಕೆ ಬಲಿಯಾದರು. ಅವರ ಹೆಸರಿನಲ್ಲಿ 1921ರಲ್ಲಿ ಮೈಸೂರಿನಲ್ಲಿ ಕ್ಷಯರೋಗ ಆಸ್ಪತ್ರೆ ತಲೆಯೆತ್ತಿತು. ಆಗ ಔಷಧಿ ಇರಲಿಲ್ಲ. ವಿಶ್ರಾಂತಿ, ಶುದ್ಧ ಗಾಳಿ, ಒಳ್ಳೆಯ ಆಹಾರವೇ ಚಿಕಿತ್ಸೆ. 1943ರಲ್ಲಿ ಸ್ಟ್ರೆಪ್ಟೊಮೈಸಿನ್ ಪತ್ತೆಯಾದ ಮೇಲೆ ಚಿತ್ರ ಬದಲಾಯಿತು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಜಿಲ್ಲೆಯನ್ನು ಘಟಕವಾಗಿಟ್ಟುಕೊಂಡು ರೋಗಿಯ ಊರಿನ ಹತ್ತಿರವೇ ಮಾತ್ರೆ ಕೊಡುವ ಯೋಜನೆ ರೂಪಿಸಿತು. ಅದು 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾಯಿತು. ತಿಂಗಳುಗಟ್ಟಲೆ ಮನೆ ಬಿಟ್ಟು ಆಸ್ಪತ್ರೆಯಲ್ಲಿರುವ ಅಗತ್ಯ ಕಡಿಮೆಯಾಯಿತು.

ಕಫ ಪರೀಕ್ಷೆ ತಾಲ್ಲೂಕಿಗೆ ಬಂದರೂ ಕಾಲಿನ ಗಂಟಿನ ಕಥೆ ಬೇರೆ. ಕೆ.ಆರ್. ನಗರದಲ್ಲಿ ನಾಟಿ ಹಾಕುವ, ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪಿನ ಬ್ಯಾರನ್‌ನಲ್ಲಿ ದುಡಿಯುವ, ಎಚ್.ಡಿ. ಕೋಟೆಯಲ್ಲಿ ಹತ್ತಿ ಬಿಡಿಸುವ ಹೆಣ್ಣುಮಗಳು ಅದನ್ನು ನಿಂತು ನಿಂತು ಬಂದ ಊತವೆಂದುಕೊಂಡರೆ ಆಶ್ಚರ್ಯವಿಲ್ಲ. ಗಂಟು ಗುರುತಿಸಲು ಮೇಲಿನ ಚರ್ಮ ಕೆರೆದರೆ ಸಾಲದು. ಕೊಬ್ಬಿನವರೆಗೆ ಆಳವಾಗಿ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಪರೀಕ್ಷಿಸದೆ ಸ್ಟೆರಾಯ್ಡ್ ನುಂಗಿದರೆ ಗಂಟು ಇಳಿದಂತೆ ಕಂಡರೂ ಒಳಗಿನ ಕ್ಷಯ ಕೆರಳಬಹುದು.

ಕ್ಷಯವೇ ಕಾರಣವೆಂದು ಖಚಿತವಾದರೆ ಸಾಮಾನ್ಯವಾಗಿ ಆರು ತಿಂಗಳ ಮಾತ್ರೆ, ಅದೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅರಮನೆಯ ಹೆಣ್ಣುಮಗಳಿಗೆ ಅಂದು ಸಿಗದಿದ್ದ ಮದ್ದು ಇಂದು ಹಳ್ಳಿಯ ಹೆಣ್ಣುಮಗಳಿಗೆ ಸಿಗುತ್ತದೆ. ಗಂಟು ಪದೇ ಪದೇ ಮರಳುತ್ತಿದ್ದರೆ ವೈದ್ಯರಿಗೆ ತೋರಿಸಬೇಕು, ಅಷ್ಟೆ.