ಶೂಟಿಂಗ್ ತಂಡಗಳು: ಹಣ ಯಾರಿಗೆ, ಎಷ್ಟು?

ಭಾರತದಲ್ಲಿ ಶೂಟಿಂಗ್ ಕ್ರೀಡೆಯ ಆಡಳಿತವು 1951ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ರೈಫಲ್ ಸಂಸ್ಥೆಯ (ಎನ್‌ಆರ್‌ಎಐ) ಕೈಯಲ್ಲಿದೆ. ಲೋಕಸಭೆಯ ಮೊದಲ ಸಭಾಧ್ಯಕ್ಷ ಜಿ.ವಿ. ಮಾವಳಂಕರ್ ಇದರ ಸ್ಥಾಪಕರು. ರೈಫಲ್, ಪಿಸ್ತೂಲ್ ಮತ್ತು ಶಾಟ್‌ಗನ್ ಎಂಬ ಮೂರು ಶಾಖೆಗಳು, ಅವುಗಳಲ್ಲಿ ಪುರುಷ, ಮಹಿಳಾ ಹಾಗೂ ಕಿರಿಯರ ತಂಡಗಳು. ಎಲ್ಲಕ್ಕೂ ಸಮಾನವಾಗಿ ಹಣ ಒದಗಿಸುವುದು ಯಾವ ಸಂಸ್ಥೆಗೂ ಸಾಧ್ಯವಿಲ್ಲ. ಯಾವ ತಂಡಕ್ಕೆ ಆದ್ಯತೆ ನೀಡಬೇಕೆಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ.

ಹಣದ ಮೂಲ

ಕ್ರೀಡಾ ಒಕ್ಕೂಟಗಳು ತರಬೇತಿ ಹಾಗೂ ಸ್ಪರ್ಧೆಗಳ ವಾರ್ಷಿಕ ಯೋಜನೆಯನ್ನು ಸಿದ್ಧಪಡಿಸಿ ಕೇಂದ್ರ ಸರ್ಕಾರದ ನೆರವು ಪಡೆಯುತ್ತವೆ. ಶಿಬಿರ, ವಿದೇಶ ಪ್ರವಾಸ, ತರಬೇತುದಾರರ ವೇತನ ಇದರ ವ್ಯಾಪ್ತಿಗೆ ಬರುತ್ತವೆ. 2014ರಲ್ಲಿ ಆರಂಭವಾದ 'ಟಾಪ್ಸ್' ಯೋಜನೆಯ ಸ್ವರೂಪ ಬೇರೆ. ಅದು ತಂಡಕ್ಕಲ್ಲ, ಒಲಿಂಪಿಕ್ಸ್ ಪದಕದ ಭರವಸೆ ಮೂಡಿಸಿದ ಆಯ್ದ ಕ್ರೀಡಾಪಟುವಿಗೆ ನೇರವಾಗಿ ನೆರವಾಗುತ್ತದೆ.

ಒಲಿಂಪಿಕ್ಸ್ ಎಂಬ ಅಳತೆಗೋಲು

ಸ್ಪರ್ಧೆಯೊಂದು ಒಲಿಂಪಿಕ್ಸ್‌ನಲ್ಲಿ ಇದೆಯೇ ಇಲ್ಲವೇ ಎಂಬುದೇ ಮೊದಲ ಮಾನದಂಡ. 2017ರಲ್ಲಿ ಪುರುಷರ ಡಬಲ್ ಟ್ರ್ಯಾಪ್, 50 ಮೀಟರ್ ಪಿಸ್ತೂಲ್ ಮತ್ತು 50 ಮೀಟರ್ ರೈಫಲ್ ಪ್ರೋನ್ ಸ್ಪರ್ಧೆಗಳನ್ನು ಟೋಕಿಯೊ ಕೂಟದಿಂದ ಕೈಬಿಟ್ಟು, ಅವುಗಳ ಬದಲಿಗೆ ಮೂರು ಮಿಶ್ರ ತಂಡ ಸ್ಪರ್ಧೆಗಳನ್ನು ಸೇರಿಸಲಾಯಿತು. ಪುರುಷರಿಗೂ ಮಹಿಳೆಯರಿಗೂ ಸಮಾನ ಅವಕಾಶ ದೊರೆಯಬೇಕೆಂಬುದು ಇದರ ಉದ್ದೇಶವಾಗಿತ್ತು.

ಭಾರತಕ್ಕೆ ಇದರ ಪೆಟ್ಟು ಜೋರಾಗಿಯೇ ಬಿತ್ತು. 2004ರ ಅಥೆನ್ಸ್‌ನಲ್ಲಿ ರಾಜ್ಯವರ್ಧನ್ ಸಿಂಗ್ ರಾಠೋಡ್ ಬೆಳ್ಳಿ ಗೆದ್ದದ್ದು ಡಬಲ್ ಟ್ರ್ಯಾಪ್‌ನಲ್ಲಿ. 2012ರ ಲಂಡನ್‌ನಲ್ಲಿ ಜಾಯ್‌ದೀಪ್ ಕರ್ಮಾಕರ್ ನಾಲ್ಕನೇ ಸ್ಥಾನ ಪಡೆದದ್ದು ಪ್ರೋನ್‌ನಲ್ಲಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊದಲ್ಲಿ ಸ್ಪರ್ಧಿಸಿದ್ದು 50 ಮೀಟರ್ ಪಿಸ್ತೂಲ್‌ನಲ್ಲಿ. 2018ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಂಕುರ್ ಮಿತ್ತಲ್ ಡಬಲ್ ಟ್ರ್ಯಾಪ್‌ನಲ್ಲೂ ಓಂಪ್ರಕಾಶ್ ಮಿಥರ್ವಾಲ್ 50 ಮೀಟರ್ ಪಿಸ್ತೂಲ್‌ನಲ್ಲೂ ಚಿನ್ನ ಗೆದ್ದರು. ಆದರೆ ಆ ವೇಳೆಗೆ ಎರಡೂ ಸ್ಪರ್ಧೆಗಳು ಒಲಿಂಪಿಕ್ಸ್‌ನಿಂದ ಹೊರಬಿದ್ದಿದ್ದವು. ವಿಶ್ವ ಚಾಂಪಿಯನ್ ಎನಿಸಿದರೂ ಒಲಿಂಪಿಕ್ಸ್ ದಾರಿ ಮುಚ್ಚಿತ್ತು. ಅದೇ ವರ್ಷ ಕಾಮನ್‌ವೆಲ್ತ್ ಕೂಟದ ಡಬಲ್ ಟ್ರ್ಯಾಪ್‌ನಲ್ಲಿ ಚಿನ್ನ ಗೆದ್ದ ಶ್ರೇಯಸಿ ಸಿಂಗ್, ಮುಂದೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಟ್ರ್ಯಾಪ್ ಸ್ಪರ್ಧಿಯಾಗಿ ಕಣಕ್ಕಿಳಿದರು.

ಪದಕಗಳ ಲೆಕ್ಕ

2004ರಿಂದ 2024ರವರೆಗೆ ಭಾರತ ಒಲಿಂಪಿಕ್ಸ್ ಶೂಟಿಂಗ್‌ನಲ್ಲಿ ಗೆದ್ದ ಪದಕಗಳು ಏಳು. ಅವುಗಳಲ್ಲಿ ನಾಲ್ಕು 10 ಮೀಟರ್ ಏರ್ ರೈಫಲ್ ಮತ್ತು ಏರ್ ಪಿಸ್ತೂಲ್‌ನಿಂದ ಬಂದವು: ಅಭಿನವ್ ಬಿಂದ್ರಾ ಅವರ ಚಿನ್ನ (2008), ಗಗನ್ ನಾರಂಗ್ ಅವರ ಕಂಚು (2012), ಮನು ಭಾಕರ್ ಅವರ ಕಂಚು ಹಾಗೂ ಮನು-ಸರಬ್‌ಜೋತ್ ಸಿಂಗ್ ಜೋಡಿಯ ಕಂಚು (2024). ವಿಜಯ್ ಕುಮಾರ್ 25 ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲ್‌ನಲ್ಲಿ ಬೆಳ್ಳಿ (2012), ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ತ್ರಿಭಂಗಿಯಲ್ಲಿ ಕಂಚು (2024) ಗೆದ್ದರು. ಶಾಟ್‌ಗನ್ನಿನ ಪಾಲು ರಾಠೋಡ್ ಅವರ ಒಂದೇ ಪದಕ.

ಈ ಲೆಕ್ಕವನ್ನಷ್ಟೇ ನೋಡಿದರೆ ಹಣವೆಲ್ಲ 10 ಮೀಟರ್ ವಿಭಾಗಕ್ಕೆ ಹೋಗಬೇಕು. ಅಲ್ಲಿ ಛರ‍್ರೆಯ ವೆಚ್ಚವೂ ಕಡಿಮೆ. ವೈಯಕ್ತಿಕ ಸ್ಪರ್ಧಿಗಳೇ ಮಿಶ್ರ ತಂಡದಲ್ಲೂ ಆಡುವುದರಿಂದ ಒಂದೇ ವೆಚ್ಚಕ್ಕೆ ಎರಡು ಅವಕಾಶ. ಶಾಟ್‌ಗನ್‌ಗೆ ತೋಟಾ, ಮಣ್ಣಿನ ತಟ್ಟೆ, ವಿಶಾಲ ಮೈದಾನ ಬೇಕು. ಟ್ರ್ಯಾಪ್ ಅರ್ಹತಾ ಸುತ್ತೊಂದಕ್ಕೇ 125 ತಟ್ಟೆಗಳು. ಆದರೆ ಪ್ಯಾರಿಸ್‌ನ ಸ್ಕೀಟ್ ಮಿಶ್ರ ತಂಡದಲ್ಲಿ ಅನಂತ್‌ಜೀತ್ ಸಿಂಗ್ ನರೂಕಾ ಮತ್ತು ಮಹೇಶ್ವರಿ ಚೌಹಾಣ್ ಕೇವಲ ಒಂದು ಅಂಕದಿಂದ ಕಂಚು ಕಳೆದುಕೊಂಡರು ಎಂಬುದನ್ನು ಮರೆಯುವಂತಿಲ್ಲ. ಆ ಒಂದು ತಟ್ಟೆ ಒಡೆದಿದ್ದರೆ ಲೆಕ್ಕದ ಚಿತ್ರಣವೇ ಬೇರೆಯಾಗುತ್ತಿತ್ತು.

ಇತರ ಕೂಟಗಳು, ಕಿರಿಯರು

2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಶೂಟಿಂಗ್ ಭಾರತಕ್ಕೆ 7 ಚಿನ್ನ ಸೇರಿ 16 ಪದಕ ತಂದಿತ್ತು. 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ ಶೂಟಿಂಗ್ ಇರಲೇ ಇಲ್ಲ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ 22 ಪದಕಗಳು ಬಂದವಾದರೂ ಅವುಗಳಲ್ಲಿ ಒಲಿಂಪಿಕ್ಸ್‌ನಲ್ಲಿಲ್ಲದ ತಂಡ ಸ್ಪರ್ಧೆಗಳ ಪದಕಗಳೂ ಸೇರಿವೆ.

ಕಿರಿಯರ ತಂಡದ ವೆಚ್ಚಕ್ಕೆ ಕೂಡಲೇ ಫಲ ಕಾಣದು. ಆದರೆ ಮನು ಭಾಕರ್, ಸೌರಭ್ ಚೌಧರಿ, ಅನೀಶ್ ಭನ್ವಾಲಾ ಮೂವರೂ ಕಿರಿಯರ ತಂಡದಿಂದಲೇ ಬಂದವರು. ರಿಯೊದಲ್ಲಿ 12 ಮತ್ತು ಟೋಕಿಯೊದಲ್ಲಿ 15 ಶೂಟರ್‌ಗಳು ಬರಿಗೈಯಲ್ಲಿ ಮರಳಿದರು. ರಿಯೊ ವೈಫಲ್ಯದ ನಂತರ ಬಿಂದ್ರಾ ನೇತೃತ್ವದ ಸಮಿತಿ ಸಂಸ್ಥೆಯ ಕಾರ್ಯವೈಖರಿಯನ್ನೇ ಟೀಕಿಸಿ ಬದಲಾವಣೆಗೆ ಸಲಹೆ ನೀಡಿತ್ತು. ಟೋಕಿಯೊದಲ್ಲಿ ಎಡವಿದ ಮನು ಅವರೇ ಮೂರು ವರ್ಷಗಳ ಬಳಿಕ ಪ್ಯಾರಿಸ್‌ನಲ್ಲಿ ಎರಡು ಪದಕ ಗೆದ್ದರು. ಒಂದು ಕೂಟದ ಸೋಲನ್ನೇ ಆಧಾರವಾಗಿಟ್ಟುಕೊಂಡು ಅನುದಾನ ಕಡಿತಗೊಳಿಸುವುದು ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.